ಆಂಟಿ ಹಾಕಿದ ಬೈಂಡು

ಕೈಯಲ್ಲೇ ಹೊಲಿದು, ರೇಷ್ಮೆಯ ರಟ್ಟು ಕಟ್ಟಿದ ಒಂದೇ ಒಂದು ಕಲಾಪುಸ್ತಕವನ್ನು ಹೊತ್ತು ಮೃಣಾಲಿನಿ ಬಾಸ್ಟನ್, ಷಿಕಾಗೊ, ಡೆನ್ವರ್ ಪುಸ್ತಕಮೇಳಗಳನ್ನೆಲ್ಲ ಸುತ್ತಿದಳು. ನೋಡಿದವರೆಲ್ಲ ‘ಅದ್ಭುತ’ ಎಂದು ಪಕ್ಕದ ಮೇಜಿಗೆ ದಾಟಿಕೊಂಡರು. ಸಿಯಾಟಲ್‌ನಲ್ಲೂ ಮಾರದಿದ್ದರೆ ಈ ಕಸುಬಿಗೇ ದೊಡ್ಡ ನಮಸ್ಕಾರ ಎಂದುಕೊಂಡಳು.

ಅಲ್ಲಿ ಇಳಿದುಕೊಂಡ ಮನೆಯ ವಿಮಲಾಂಟಿ ಬೆಳಿಗ್ಗೆ ಪುಸ್ತಕವನ್ನು ಕೈಗಿತ್ತರು. “ಕೊಳೆಯಾಗ್ಬಾರ್ದು ಅಂತ ಬೈಂಡ್ ಹಾಕಿದೀನಿ ಕಣೇ. ದಿನಸಿ ತಂದ ಕಂದು ಚೀಲ ಸುಮ್ನೆ ಬಿದ್ದಿತ್ತು. ಲೇಬಲ್ಲೂ ಅಂಟ್ಸಿದೀನಿ.”

“ಆಂಟಿ, ಇದೇನು ಐದನೇ ಕ್ಲಾಸಿನ ಸಮಾಜ ವಿಜ್ಞಾನವಾ?”

ಮೇಳದಲ್ಲಿ ಆ ಬೈಂಡನ್ನು ಬಿಚ್ಚಲು ಹೊರಟಾಗ ಮ್ಯೂಸಿಯಮ್ಮಿನ ಹಿರಿಯಾಕೆಯೊಬ್ಬಳು ಕೈ ಹಿಡಿದಳು. “ನಿಧಾನ, ಹರಿದೀತು. ಆ ಮಡಿಕೆಗಳಲ್ಲಿ ಎಂಥ ಧ್ಯಾನವಿದೆ. ನಮಗೆ ಬೇಕು, ಕೇಳಿದಷ್ಟು ಕೊಡುತ್ತೇವೆ.”

ಮೃಣಾಲಿನಿ ತುಂಬಿದ ಕಣ್ಣಲ್ಲೇ ಪುಸ್ತಕವನ್ನು ಮುಂದೆ ಚಾಚಿದಳು.

ಆಕೆ ಬಿಳಿ ಗ್ಲೌಸು ತೊಟ್ಟು, ಬೈಂಡನ್ನು ನಾಜೂಕಾಗಿ ಕಳಚಿಕೊಂಡು, ಪುಸ್ತಕವನ್ನು ವಾಪಸು ಕೊಟ್ಟಳು.