ಇನ್ನೊಂದು ಸಾಧ್ಯತೆ

ಅಣುವಿನ ಲೋಕದಲ್ಲಿ ಮುಂದೇನಾಗುತ್ತದೆ ಎಂಬುದು ಮೊದಲೇ ನಿಶ್ಚಯವಾಗಿರುವುದಿಲ್ಲ ಎಂದು ಭೌತಶಾಸ್ತ್ರದ ತಿಪ್ಪೇಸ್ವಾಮಿ ಮೇಷ್ಟ್ರು ಇಪ್ಪತ್ತು ವರ್ಷ ಪಾಠ ಮಾಡಿದ್ದರು. ಕಾರು ಅಪಘಾತದಲ್ಲಿ ಮಗಳು ತೀರಿಕೊಂಡ ಮೇಲೆ ಅವರ ಮಾತೇ ತಿರುಗಿತು. ಆಗುವುದೆಲ್ಲ ಮೊದಲೇ ಗೊತ್ತುಪಡಿಸಿದ್ದು, ಇನ್ನೊಂದು ಸಾಧ್ಯತೆ ಎಂಬುದೇ ಇಲ್ಲ ಎನ್ನತೊಡಗಿದರು.

ಹಳೆಯ ಶಿಷ್ಯೆ ಅಂಬಿಕಾ ಒಂದು ಸಂಜೆ ಅವರನ್ನು ನೋಡಲು ಬಂದವಳು ವಾದಕ್ಕೇ ಇಳಿದಳು.

"ಸಾಧ್ಯತೆಗಳು ಹಲವು ಇರ್ತವೆ ಅಂತ ಕಲಿಸಿದ್ದೇ ನೀವು, ಸಾರ್. ಈಗ ಇಲ್ಲ ಅಂದ್ರೆ ಹೆಂಗೆ?"

"ಇಲ್ಲ ಕಣಮ್ಮ. ಅವತ್ತು ಆ ಬ್ರೇಕು ಸರಿಯಾದ ಹೊತ್ತಿಗೆ ಬೀಳೋಕೆ ಸಾಧ್ಯವೇ ಇರ್ಲಿಲ್ಲ," ಎಂದು ಮೇಷ್ಟ್ರು ಅಗತ್ಯಕ್ಕಿಂತ ಗಟ್ಟಿಯಾಗಿ ಹೇಳಿದರು. ಒಳಗೆ ಅವರ ಹೆಂಡತಿ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

ಅಂಬಿಕಾ ಬಿಡಲಿಲ್ಲ. "ನಿಮಗೇ ಅದ್ರಲ್ಲಿ ನಂಬಿಕೆ ಇಲ್ಲ ಸಾರ್. ನಿಮ್ಮ ತಪ್ಪನ್ನ ಒಪ್ಪಿಕೊಳ್ಳೋಕಾಗದೆ ಹಿಂಗಂತೀರಿ."

ಮೇಷ್ಟ್ರು ಎದ್ದು ಅವಳನ್ನು ಗೇಟಿನವರೆಗೂ ಕರೆದುಕೊಂಡು ಬಂದರು. ಅಲ್ಲಿ ಅವರ ದನಿ ತೀರ ತಗ್ಗಿತು.

"ನಂಬಿಕೆ ಇಲ್ಲ, ನಿಜ. ಆದ್ರೆ ಈ ಮಾತಿಂದ ಆಚೆ ಬರೋ ಹಂಗಿಲ್ಲಮ್ಮ. ಅವತ್ತು ಕಾರು ಓಡಿಸ್ತಿದ್ದೋಳು ನನ್ನ ಹೆಂಡ್ತಿ."