ಮಲಕಪ್ಪ ಆರಿಸಿದ ಸೀಟು

ಸೀಟು ಮಲಕಪ್ಪನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹುಬ್ಬಳ್ಳಿಯ ಶೋರೂಮಿನ ಅಂಗಳದಲ್ಲಿ ಹೂಮಾಲೆ ಹಾಕಿಕೊಂಡು ನಿಂತಿದ್ದ ಕೆಂಪು ಕಾರಿಗೆ ಅವನು ಒಂದು ಕಾಲಿಟ್ಟ, ಬಗ್ಗಿದ, ಕುಳಿತ. ಸೊಂಟ ಅರ್ಧಕ್ಕೇ ಸಿಕ್ಕಿಕೊಂಡಿತು. ಸೀಟಿನ ಎರಡೂ ಪಕ್ಕ ಎದ್ದು ನಿಂತ ದಿಂಡುಗಳು ಅವನನ್ನು ಒತ್ತಿ ಹಿಡಿದವು.

“ಇದು ಸ್ಪೋರ್ಟ್ ಸೀಟ್ ಐತಲ್ರಿ. ನಾವು ಹೇಳಿದ್ದು ಸಾದಾ ಸೀಟು,” ಎಂದ.

ಸೇಲ್ಸ್‌ಮನ್ ಕಾಗದ ತಿರುವಿದ. “ಆಮ್ಯಾಲೆ ಬದಲಿ ಮಾಡಿಸ್ಯಾರ್ರಿ.”

“ಯಾರು?”

“ನಿಮ್ಮ ಸಾಹುಕಾರ್ರು.”

ಸಾಹುಕಾರ ಕುಬೇರಪ್ಪ ಆಚೆ ನಿಂತು ಪೂಜೆಯ ತೆಂಗಿನಕಾಯಿಯ ಜುಟ್ಟು ಕೀಳುತ್ತಿದ್ದರು. ತಲೆ ಎತ್ತಲಿಲ್ಲ.

ಅಣ್ಣಿಗೇರಿಯಲ್ಲಿ ಬೇಳೆ ಮಿಲ್ಲು ಇಟ್ಟಿರುವ ಕುಬೇರಪ್ಪನವರಿಗೆ ಇಪ್ಪತ್ತಾರು ವರ್ಷದಿಂದ ಮಲಕಪ್ಪನೇ ಡ್ರೈವರ್. ಅವರಿಗೆ ಸ್ಟೀರಿಂಗ್ ಹಿಡಿಯಲು ಬಾರದು. ಹರೆಯದಲ್ಲಿ ಖಾಲಿ ಗಾಡಾ ಓಟಕ್ಕೆ ಎತ್ತು ಹೂಡಿ ಬಹುಮಾನ ಗೆದ್ದ ಮನುಷ್ಯ. ಅರವತ್ತಕ್ಕೆ ಆ ಹುಚ್ಚು ಮತ್ತೆ ಕೆರಳಿತ್ತು. ಐದು ಸೆಕೆಂಡಿನಲ್ಲಿ ನೂರು ಮುಟ್ಟುವ ಕಾರೇ ಬೇಕೆಂದರು. ಎರಡು ತಿಂಗಳ ಹಿಂದೆ ಇದೇ ಶೋರೂಮಿನಲ್ಲಿ ಎರಡು ಥರದ ಸೀಟು ತೋರಿಸಿದಾಗ, “ದಿನಾ ಕುಂದ್ರಾಂವ ನೀನು. ನೀನ ಆರಿಸು,” ಎಂದಿದ್ದರು.

ಸ್ಪೋರ್ಟ್ ಸೀಟು ತಿರುವಿನಲ್ಲಿ ಮೈ ಅಲುಗಾಡದಂತೆ ಹಿಡಿಯುತ್ತದೆ, ಆದರೆ ತೆಳ್ಳಗಿನವರಿಗೇ ಅದು ಸರಿ ಎಂದು ಸೇಲ್ಸ್‌ಮನ್ ಹೇಳಿದ್ದ. ಮಲಕಪ್ಪನ ಮೈ ತುಂಬಿದ ಜೋಳದ ಚೀಲ. ಅವನು ಅಗಲವಾದ ಸಾದಾ ಸೀಟು ಆರಿಸಿದ. ಆ ದಿನ ಮನೆಗೆ ಹೋದವನ ಕಾಲು ನೆಲಕ್ಕೆ ತಾಗಲಿಲ್ಲ. ಇಡೀ ತಾಲೂಕಿನಲ್ಲಿ ಇಲ್ಲದ ಕಾರು, ಅದರ ಸೀಟು ಡ್ರೈವರನ ಮರ್ಜಿಯದು. ಹೆಂಡತಿ ಮೈಲಾರವ್ವ ಬೆಲ್ಲ ಹಾಕಿ ಸಿಹಿ ಮಾದ್ಲಿ ಮಾಡಿದಳು. ಬಾಡಿಗೆ ಕ್ರೂಸರ್ ಜೀಪು ಓಡಿಸುವ ಮಗ ಸಿದ್ಧಾರೂಢ ಮಾತ್ರ, “ಅಂಥಾ ಗಾಡಿಗೆ ಸಾದಾ ಸೀಟು ಹಾಕಿಸ್ತಾರೇನ್ ಯಪ್ಪಾ? ಗಾಡಿ ಮಾನ ಹೋತು,” ಎಂದು ನಕ್ಕ. ಹರೆಯದ ಖಯಾಲಿ ಎಂದು ಮಲಕಪ್ಪನೂ ನಕ್ಕಿದ್ದ.

ಈಗ ನಗು ಬರಲಿಲ್ಲ. ಹೇಗೋ ಮೈ ತುರುಕಿಕೊಂಡು ಗಾಡಿ ಹೊರಡಿಸಿದ. ಕುಬೇರಪ್ಪನವರೂ ಬಾಜೂಕಿನ ಸೀಟಿಗೆ ಮೈ ತುರುಕಿಕೊಂಡು ಕುಳಿತರು. ಗದಗ ರಸ್ತೆಯಲ್ಲಿ ಸ್ಪೀಡಿನ ಮುಳ್ಳು ನಲವತ್ತು ದಾಟಲಿಲ್ಲ. ಹತ್ತಿ ಹೇರಿದ ಟ್ರ್ಯಾಕ್ಟರಿನವನೂ ಹಾರ್ನ್ ಹೊಡೆದು ಮುಂದೆ ಹೋದ.

ಸಾಹುಕಾರರ ಮೈ ತನ್ನದಕ್ಕಿಂತ ದೊಡ್ಡದು, ಈ ಸೀಟು ಅವರಿಗಲ್ಲ. ತನಗಂತೂ ಅಲ್ಲವೇ ಅಲ್ಲ. ಹಾಗಾದರೆ ಬೇರೆ ಡ್ರೈವರ್ ಬರುತ್ತಾನೆ. ತೆಳ್ಳಗಿನವನು.

ಗೌರೀಶ. ಬಸ್ ಸ್ಟ್ಯಾಂಡಿನ ಟ್ಯಾಕ್ಸಿ ಡ್ರೈವರ್, ಕಡ್ಡಿಯಂಥ ಆಳು. ‘ಹೊಸಾ ಗಾಡಿ ಯಾವಾಗ ಬರ್ತೈತಿ ಕಾಕಾ’ ಎಂದು ದಿನಾ ಕೇಳುತ್ತಿದ್ದ. ಹೋದ ಅಮಾವಾಸ್ಯೆಗೆ ಮಲಕಪ್ಪನ ಮನೆಯಲ್ಲೇ ಹೋಳಿಗೆ ಉಂಡಿದ್ದ. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ. ಆದರೆ ಅವನಿಗಿಂತ ಹೆಚ್ಚು ಸಿಟ್ಟು ಬಾಜೂಕ ಕುಳಿತವರ ಮೇಲಿತ್ತು. ಇಪ್ಪತ್ತಾರು ವರ್ಷ ಒಂದೇ ಬುತ್ತಿಯ ರೊಟ್ಟಿ ಮುರಿದವರು ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ?

ನಲವಡಿ ದಾಟಿದ ಮೇಲೆ ಗಾಡಿಯನ್ನು ಬೇವಿನ ಮರದ ನೆರಳಿಗೆ ಹಾಕಿದ.

“ಸಾಹುಕಾರ್ರ, ಸೀಟು ಯಾಕ ಬದಲಿ ಮಾಡಿಸಿದ್ರಿ?”

ಕುಬೇರಪ್ಪ ಕಿಟಕಿಯಾಚೆಯ ಕಪ್ಪು ಎರೆ ಹೊಲ ನೋಡುತ್ತ ಕುಳಿತರು. “ಕುಂದ್ರಾಂವ ಬದಲಾದ, ಮಲಕಪ್ಪ. ನಿನಗ ಹ್ಯಾಂಗ ಹೇಳಬೇಕಂತ ತಿಳೀಲಿಲ್ಲ.”

“ನನ್ನಿಂದ ಏನ ತಪ್ಪಾಗೇತ್ರಿ?”

“ಎಡಗಣ್ಣಿಗೆ ಪೊರಿ ಬಂದೈತಂತ. ಹೌದಿಲ್ಲೋ?”

ಗದಗಿನ ಕಣ್ಣಿನ ಡಾಕ್ಟರು ಹೇಳಿ ನಾಲ್ಕು ತಿಂಗಳಾಗಿತ್ತು. ಮಗನ ಬೈಕಿನ ಹಿಂದೆ ಕುಳಿತು ಮಲಕಪ್ಪ ಹೋಗಿ ಬಂದಿದ್ದ. ಆಪರೇಷನ್ನಿಗೆ ಹೆದರಿ ಮುಂದೂಡಿದ್ದ, ಕೆಲಸ ಹೋದೀತೆಂದು ಸಾಹುಕಾರರಿಂದ ಮುಚ್ಚಿಟ್ಟಿದ್ದ. ಆದರೆ ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನೋ ಸಾಹುಕಾರರೆಂದು ತಿಳಿದು ಕೈಮುಗಿದಾಗ ಗೌರೀಶ ನೋಡಿ ನಕ್ಕಿದ್ದ. ಅವನದೇ ಕೆಲಸ.

“ಹೇಳಿದಾಂವ ಯಾರ್ರಿ?”

“ಈ ಸೀಟಿಗೆ ಬರಾಂವನ ಹೇಳಿದ. ‘ಮುದುಕನ್ನ ನಂಬಿ ಕುಂತ್ರ ಒಂದಿನ ನಿಮ್ಮನ್ನ ಹೊಂಡಕ್ಕ ಹಾಕ್ತಾನ’ ಅಂದ. ಕಣ್ಣಿನ ಆಪರೇಷನ್ ಆಗ್ಲಿ, ಆಮ್ಯಾಲೆ ನೋಡೂಣು ಅಂತ ನಾ ಎರಡ ಸಲ ಹೊಳ್ಳಿ ಕಳಿಸಿದೆ. ಮೂರನೇ ಸಲ ಬಂದು, ‘ಅಂವ ಸಾಯೂತನಕ ಸೀಟು ಬಿಡಂಗಿಲ್ಲ, ನೀವ ಬಿಡಿಸ್ರಿ’ ಅಂದ. ಶೋರೂಮಿಗೂ ತಾನ ಬಂದು ಕುಂತು ನೋಡಿ, ಇದ ಬೇಕಂತ ಆರಿಸಿದ.”

“ಹೆಸರು ಹೇಳ್ರಿ.”

“ಹೇಳಬ್ಯಾಡ್ರಿ ಅಂತ ನನ್ನ ಕೈಲೆ ಆಣಿ ಹಾಕಿಸ್ಕೊಂಡಾನ.”

ಮಲಕಪ್ಪ ಬಾಗಿಲು ತೆರೆದು, ದಿಂಡುಗಳಿಂದ ಮೈ ಬಿಡಿಸಿಕೊಂಡು ಕೆಳಗಿಳಿದ. ಐವತ್ತೆಂಟರ ವಯಸ್ಸಿನಲ್ಲಿ ರಸ್ತೆ ಪಕ್ಕ ನಿಂತು ಅಳುತ್ತಿರುವುದಕ್ಕೆ ನಾಚಿಕೆಯಾಯಿತು. ಬಗ್ಗಿ ಒಂದು ಮುಷ್ಟಿ ಮಣ್ಣು ಎತ್ತಿ ಅಣ್ಣಿಗೇರಿಯ ದಿಕ್ಕಿಗೆ ತೂರಿದ.

“ಮೈಲಾರಲಿಂಗನ ಆಣಿ ಮಾಡಿ ಹೇಳ್ತೀನ್ರಿ. ನನ್ನ ಅನ್ನದಾಗ ಮಣ್ಣ ಹಾಕಿದಾಂವ ಮಣ್ಣಾಗ ಹೋಗ್ಲಿ. ಅವನ ಮನ್ಯಾಗ ದೀಪ ಹಚ್ಚಾಕ ಒಬ್ಬರೂ ಉಳೀಬಾರದು.”

ಕುಬೇರಪ್ಪ ಗಡಬಡಿಸಿ ಇಳಿದು ಬಂದು ಅವನ ಕೈ ಹಿಡಿದರು.

“ಬಿಡ್ತು ಅನ್ನು ಮಲಕಪ್ಪ, ಬಿಡ್ತು ಅನ್ನು. ಅಂವ ನಿನ್ನ ಸಿದ್ಧಾರೂಢ.”