ಹಗ್ಗದ ಆಚೆ ತುದಿ

ಹನ್ನೆರಡನೇ ಕಿಲೋಮೀಟರು ದಾಟುವ ಹೊತ್ತಿಗೆ ಹಿಸ್ಕೆಗೆ ಖಾತ್ರಿಯಾಯಿತು, ಇನ್ನು ಡರ್ಕ್‌ನ ಸಮಕ್ಕೆ ಓಡುವುದು ತನ್ನಿಂದಾಗದು. ಅವಳ ಎಡಗೈಗೂ ಅವನ ಬಲಗೈಗೂ ನಡುವೆ ಇದ್ದದ್ದು ಮೊಳದುದ್ದದ ಒಂದು ಹಗ್ಗ. ಅದು ಸಡಿಲವಾಗಿ ಜೋತಾಡುತ್ತಿರಬೇಕಿತ್ತು. ಇವತ್ತು ಬಿಗಿದುಕೊಂಡು ಅವಳನ್ನೇ ಎಳೆಯುತ್ತಿತ್ತು. ಹುಟ್ಟುಕುರುಡನೊಬ್ಬ ಕಣ್ಣಿದ್ದವಳನ್ನು ನೆದರ್ಲ್ಯಾಂಡ್ಸಿನ ಫ್ರೀಸ್‌ಲಾಂಡಿನ ಕಡಲ ಏರಿಯ ಮೇಲೆ ಎಳೆದೊಯ್ಯುವುದನ್ನು ಇಳಿಜಾರಿನ ಕುರಿಗಳು ಮೇಯುವುದು ಬಿಟ್ಟು ನೋಡಿದವು.

"ಬೆಳಿಗ್ಗೆ ಏನು ತಿಂದು ಬಂದಿದ್ದೀಯ ನೀನು?" ಎಂದಳು ಏದುಸಿರಿನಲ್ಲಿ.

"ನಾನು ತಿಂದದ್ದಿರಲಿ. ಎರಡು ವರ್ಷ ನಿನ್ನ ಅಡುಗೆಮನೆ ಕಿಟಕಿಯಿಂದ ಕೇಕಿನ ವಾಸನೆ ಬಾರದ ದಿನ ಇಲ್ಲ."

ಪಕ್ಕಪಕ್ಕದ ಮನೆಯ ಅವರಿಬ್ಬರೂ ಎಂಟು ವರ್ಷ ಹೀಗೆ ಜೊತೆಯಾಗಿ ಓಡಿದ್ದರು. ಆಮೇಲೆ ಕೋವಿಡ್ ಬಂತು, ಎರಡು ಮೀಟರು ದೂರದ ಕಟ್ಟಳೆ ಬಂತು, ಹಗ್ಗ ಗೂಟಕ್ಕೆ ಸೇರಿತು. ಇಪ್ಪತ್ತೊಂದು ಕಿಲೋಮೀಟರಿನ ಈ ಏರಿಯ ಓಟದ ಪಂದ್ಯ ಎರಡು ವರ್ಷ ನಡೆಯಲೇ ಇಲ್ಲ. ಶಾಲಾ ಬಸ್ಸು ಓಡಿಸುವ ಹಿಸ್ಕೆ ಮನೆಯಲ್ಲಿ ಕೂತು ದಪ್ಪಗಾದಳು. ಐವತ್ತಾರರ ಡರ್ಕ್ ಕೊಟ್ಟಿಗೆಯಲ್ಲಿ ಟ್ರೆಡ್‌ಮಿಲ್ ಇರಿಸಿಕೊಂಡು ದಿನವೂ ಒಬ್ಬನೇ ಓಡಿದ.

"ಇಷ್ಟು ಜೋರಾಗಿ ಓಡಬಲ್ಲೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಸ್ವಲ್ಪ ಗೊತ್ತಿತ್ತು. ನಾವು ಜೊತೆಗೆ ಓಡಿದ ಮೊದಲನೇ ವರ್ಷದಿಂದಲೇ," ಎಂದ ಡರ್ಕ್.

"ಒಂದು ಮಾತೂ ಹೇಳಲಿಲ್ಲ."

"ನೀನು ಬೇಜಾರು ಮಾಡ್ಕೊಂಡು ಬಿಟ್ಟುಬಿಟ್ರೆ ಆಮೇಲೆ ನಾನು ಯಾರ ಜೊತೆ ಓಡಲಿ? ಇವತ್ತು ಇಷ್ಟು ಜನರ ಕಾಲಿನ ಸದ್ದು ಕೇಳಿ ತಡ್ಕೊಳ್ಳಕ್ಕೆ ಆಗ್ಲಿಲ್ಲ, ಅಷ್ಟೇ. ನಿಧಾನ ಮಾಡ್ತೀನಿ ಬಿಡು."

ಹಗ್ಗ ಸಡಿಲವಾಯಿತು. ಅದನ್ನೇ ಹಿಸ್ಕೆಗೆ ಸಹಿಸಲಾಗಲಿಲ್ಲ. ಮುಂದೆ ಎತ್ತರದ ಮನುಷ್ಯನೊಬ್ಬ ಓಡುತ್ತಿದ್ದ. ಅವಳಿಗೆ ಅವನ ಗುರುತಿಲ್ಲ. ಉಳಿದಿದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ, ಡರ್ಕ್‌ನನ್ನೂ ಕಟ್ಟಿಕೊಂಡು ಆ ಎತ್ತರದವನ ಪಕ್ಕಕ್ಕೆ ಓಡಿದಳು.

"ರೀ, ಇವ್ರನ್ನ ಸ್ವಲ್ಪ ದೂರ ಕರ್ಕೊಂಡು ಹೋಗ್ತೀರಾ? ಕಣ್ಣು ಕಾಣಲ್ಲ. ಗುಂಡಿ ಬಂದಾಗ, ಕುರಿಗಳ ಗೇಟು ಬಂದಾಗ ಬಾಯಲ್ಲಿ ಹೇಳಿದ್ರೆ ಸಾಕು."

"ಹಿಸ್ಕೆ, ಬೇಡ," ಎಂದ ಡರ್ಕ್.

ಆ ಮನುಷ್ಯ ಅವಳು ಚಾಚಿದ ಹಗ್ಗವನ್ನು ನೋಡಿದ. ಪರರ ಬಾಗಿಲ ಹಿಡಿಕೆ ಮುಟ್ಟಲೂ ಅಂಜಿ ಎರಡು ವರ್ಷ ಬಾಳಿದ ಸೀಮೆ ಅದು. ಅವನು ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು ಹಗ್ಗ ಹಿಡಿದ. "ಮುಂದೆ ಬಲಕ್ಕೆ ಒಂದು ತಗ್ಗಿದೆ," ಎಂದ. ಇಬ್ಬರೂ ಹೊರಟೇಹೋದರು.

ಏರಿ ಗೆರೆ ಎಳೆದ ಹಾಗೆ ನೆಟ್ಟಗೆ ಸಾಗುತ್ತದೆ. ಒಂದು ಕಡೆ ಇಳಿತದ ಕಡಲಿನ ಕೆಸರು, ಇನ್ನೊಂದು ಕಡೆ ಹುಲ್ಲುಗಾವಲು, ಮರೆಗೆ ಒಂದು ಮರವಿಲ್ಲ. ಹಿಂದುಳಿದ ಹಿಸ್ಕೆಗೆ ಡರ್ಕ್‌ನ ಹಳದಿ ಅಂಗಿ ಬಹಳ ಹೊತ್ತು ಕಾಣುತ್ತಲೇ ಇತ್ತು. ಸ್ವಲ್ಪ ದೂರ ಹೋದಮೇಲೆ ಎತ್ತರದವನಿಗೂ ಸಾಕಾಗಿರಬೇಕು, ಕೈ ಎತ್ತಿದ. ಮುಂದಿದ್ದ ಕೆಂಪು ಅಂಗಿಯೊಂದು ತಿರುಗಿ ನೋಡಿ, ನಿಧಾನಿಸಿ, ಹಗ್ಗ ತೆಗೆದುಕೊಂಡಿತು. ಕೆಂಪಿನಿಂದ ಅದು ಬಿಳಿಗೆ ಹೋಯಿತು. ಆ ವೇಳೆಗೆ ಯಾರೂ ಯಾರನ್ನೂ ಕರೆಯಬೇಕಿರಲಿಲ್ಲ. ಸೆಕೆಂಡು ಸೆಕೆಂಡಿಗೂ ಕೈಗಡಿಯಾರ ನೋಡಿಕೊಂಡು ಓಡುತ್ತಿದ್ದವರು ತಾವಾಗಿ ಹಿಂತಿರುಗಿ, ಹಳದಿ ಅಂಗಿ ಬರಲೆಂದು ಕಾಯುತ್ತಿದ್ದರು. ಬಿಳಿಯಿಂದ ನೀಲಿಗೆ. ಹಿಸ್ಕೆ ಓಡುವುದನ್ನು ಮರೆತು ಏರಿಯ ನಡುವೆ ನಿಂತುಬಿಟ್ಟಳು. ಹಿಂದಿನಿಂದ ಬಂದವರು ಅವಳ ಭುಜಕ್ಕೆ ಭುಜ ಉಜ್ಜಿಕೊಂಡು ಮುಂದೆ ಹೋದರು, ಅವರ ಬೆವರು ಅವಳ ತೋಳಿಗೆ ಅಂಟಿತು. ಅವಳು ಒರೆಸಿಕೊಳ್ಳಲಿಲ್ಲ.

ಅವಳು ಗುರಿ ಮುಟ್ಟಿದಾಗ ಡರ್ಕ್ ಹುಲ್ಲಿನ ಮೇಲೆ ಕಾಲು ಚಾಚಿ ಕೂತು ಬಟಾಣಿ ಸೂಪು ಕುಡಿಯುತ್ತಿದ್ದ. ಪಕ್ಕದಲ್ಲಿ ನೀಲಿ ಅಂಗಿಯ, ನರೆಗೂದಲಿನ ಹೆಂಗಸೊಬ್ಬಳು.

"ಒಂದು ಗಂಟೆ ನಲವತ್ತೆಂಟು ನಿಮಿಷ," ಎಂದ ಡರ್ಕ್. ದನಿಯಲ್ಲಿ ಹಿಗ್ಗಿರಲಿಲ್ಲ. "ಇವರು ಫ್ರೌಕೆ. ಕೊನೇ ನಾಲ್ಕು ಕಿಲೋಮೀಟರು ಇವರೇ ಕರ್ಕೊಂಡು ಬಂದ್ರು. ದನಿ ಕೇಳಿದ ಕೂಡಲೆ ನಂಗೆ ಗುರುತು ಸಿಕ್ತು. ಅದಕ್ಕೇ ಬಾಯಿ ಮುಚ್ಕೊಂಡು ಓಡ್ದೆ."

ಊರಿನ ಪುರಸಭೆಯಲ್ಲಿ ಫೋನು ಎತ್ತುವುದು ಡರ್ಕ್‌ನ ಕೆಲಸ. ಕೋವಿಡ್ಡಿನ ಮೊದಲ ವಸಂತದಲ್ಲಿ ಗಂಡ ತೀರಿಕೊಂಡಾಗ ಫ್ರೌಕೆ ಫೋನು ಮಾಡಿ, ಮಣ್ಣಿಗೆ ಎಷ್ಟು ಜನ ಬರಬಹುದೆಂದು ಕೇಳಿದ್ದಳು. ಮೂವತ್ತು ಎಂದು ಹೇಳಿದವನು ಅವನೇ. ಅವಳ ಗಂಡನ ಜೊತೆ ಚರ್ಚಿನಲ್ಲಿ ಹಾಡುತ್ತಿದ್ದವರೇ ನಲವತ್ತು ಮಂದಿ.

"ಕೊನೇ ಗೇಟಿನ ಹತ್ರ ಥ್ಯಾಂಕ್ಸ್ ಅಂದ್ಬಿಟ್ರು," ಎಂದಳು ಫ್ರೌಕೆ. "ಅದೊಂದು ಮಾತಲ್ಲೇ ನಂಗೂ ಗೊತ್ತಾಗ್ಹೋಯ್ತು."

"ಪಾಪ, ಅವನೇನು ಮಾಡ್ತಾನೆ," ಎನ್ನಹೋದಳು ಹಿಸ್ಕೆ. "ಮೇಲಿನವ್ರು ಹೇಳಿದ್ದನ್ನ..."

"ಬಯ್ಯಕ್ಕೆ ಕೂತಿಲ್ಲಮ್ಮ ನಾನು. ಅವತ್ತು ಮನೇಲಿ ನನ್ನ ಪಕ್ಕ ಕೂರೋಕೆ ಒಬ್ಬರೂ ಬರೋ ಹಾಗಿರ್ಲಿಲ್ಲ. ಅರ್ಧ ಗಂಟೆ ಅತ್ತೆ. ಇವ್ರು ಫೋನು ಇಡ್ಲಿಲ್ಲ, ಸಮಾಧಾನಾನೂ ಹೇಳ್ಲಿಲ್ಲ, ಸುಮ್ನೆ ಕೇಳಿಸ್ಕೊಂಡು ಕೂತಿದ್ರು. ಅವತ್ತಿಂದ ಅಂದ್ಕೊಳ್ತಾನೇ ಇದ್ದೆ, ಈ ಮನುಷ್ಯನ ಮುಖ ಹೇಗಿದ್ದೀತು ಅಂತ."

ಡರ್ಕ್ ಸೂಪಿನ ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡ. ದನಿ ಬಂದ ಕಡೆಗೆ ಮುಖ ತಿರುಗಿಸಿ, ಅವಳು ನೋಡಿ ಮುಗಿಸುವವರೆಗೂ ಅಲುಗಾಡದೆ ಕುಳಿತ.